ಅಪ್ಪ-ಅಮ್ಮ ಓದಲಿಕ್ಕೆ ಹೊರಟರೆ ಖರ್ಚು ಯಾವ ಲೆಕ್ಕಕ್ಕೆ?

(ಮಂಚಿಕೇರಿಯಲ್ಲಿ ಅಡಕೆ ಬೆಳೆಗಾರರ ಎದುರು ತೋಟಿಗರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಭೆ ಕರೆದವರು ನನಗೆ ಅಡಕೆ ದರದ ಮೇಲೆ ನಾಲ್ಕು ಮಾತಾಡಿ ಅಂದಿದ್ದರು. ದರದ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹಾಗಾಗಿ ನಾನು ಸಾಲದ ವಿಷಯ ಮಾತಾಡ್ತೇನೆ. ಅದರಲ್ಲೂ ನಾವು ಯಾವ ಸಭೆಯಲ್ಲೂ ಬಾಯಿ ಬಿಟ್ಟು ಹೇಳದ ಒಂದು ಸಾಲದ ವಿಷಯ.

ಮಕ್ಕಳ ಓದಿಗೆ ಮಾಡಿದ ಸಾಲವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ತೇವೆ. ಮಗಳ ಇಂಜಿನಿಯರಿಂಗಿಗೆ ಇಷ್ಟಾಯ್ತು, ಮಗನ ಹಾಸ್ಟೆಲಿಗೆ ಅಷ್ಟಾಯ್ತು ಅಂತ ಮದುವೆ ಮನೆಯ ಪಂಕ್ತಿಯಲ್ಲೂ ಹೇಳ್ತೇವೆ. ಆದರೆ ಮಗ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅಪ್ಪನೇ ಪುಸ್ತಕ ಹಿಡಿದರೆ? ಎರಡು ಮಕ್ಕಳ ತಾಯಿ ಬೆಳಗಿನ ಬಸ್ಸು ಹತ್ತಿ ಶಿರಸಿಗೆ ಕಲಿಯಲಿಕ್ಕೆ ಹೊರಟರೆ? ಊರು ನಗ್ತದೆ. ‘ಈಗೆಂಥ ಓದು ಮಾರಾಯರೇ, ಮಕ್ಕಳು ಓದಲಿ ಸಾಕು’ ಅಂತದೆ. ನಗುವುದಕ್ಕೆ ನಾನು ಹೆದರುವುದಿಲ್ಲ. ಆ ನಗುವಿಗೆ ಹೆದರಿ ನಾವು ಓದಿನ ಖರ್ಚನ್ನು ಮುಚ್ಚಿಡ್ತೇವಲ್ಲ, ಅದಕ್ಕೆ ಹೆದರ್ತೇನೆ. ಮುಚ್ಚಿಟ್ಟ ಖರ್ಚು ಬೆಳೆ ಸಾಲದ ಒಳಗೆ ಹೋಗಿ ಕೂರ್ತದೆ. ಬೆಳೆ ಸಾಲದೊಳಗೆ ಕೂತದ್ದು ಕೊನೆಗೆ ತೋಟವನ್ನೇ ತಿನ್ನುತ್ತದೆ.

ಇದು ಪುಸ್ತಕದಲ್ಲಿ ಓದಿ ಹೇಳುವ ಮಾತಲ್ಲ. ನನ್ನ ಮನೆಯಲ್ಲೇ ನಡೆದದ್ದು. ನನಗಿರುವುದು ಒಂದೂವರೆ ಎಕರೆ ತೋಟ. ಪಿಯುಸಿಗೆ ಓದು ನಿಂತಿತ್ತು. ಮೂವತ್ತೇಳನೇ ವಯಸ್ಸಿಗೆ ನನಗೆ ಅನಿಸಿತು, ಒಂದು ಡಿಗ್ರಿ ಇದ್ದರೆ ಎಲ್ಲಾದರೂ ಗುಮಾಸ್ತಿಕೆ ಆದೀತು, ತೋಟದ ಜೊತೆಗೆ ತಿಂಗಳ ಸಂಬಳ ಒಂದು ಬಂದೀತು ಅಂತ. ಅನಿಸಿದ್ದು ತಪ್ಪಲ್ಲ. ಮಾಡಿದ ರೀತಿ ತಪ್ಪು. ಅಂಚೆ ಮೂಲಕ ಓದುವ ಡಿಗ್ರಿಗೆ ಹೆಸರು ಹಚ್ಚಿದೆ. ಫೀಸು, ಪುಸ್ತಕ, ಪಾಠಕ್ಕೆ ಹೋಗಿಬರುವ ಖರ್ಚು, ಅಲ್ಲಿ ಉಳಿಯುವ ಖರ್ಚು, ಎಲ್ಲಾ ಸೇರಿ ಸುಮಾರು 40 ಸಾವಿರ. ಅದನ್ನು ಸೊಸೈಟಿಯಲ್ಲಿ ತೆಗೆದ ಬೆಳೆ ಸಾಲದಿಂದ ಎತ್ತಿದೆ. ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಲಿಲ್ಲ.

ಮುಂದೆ ಏನಾಯಿತು ಕೇಳಿ. ಆ 40 ಸಾವಿರದಲ್ಲಿ ಮೈಲುತುತ್ತದ ದುಡ್ಡೂ ಇತ್ತು, ಔಷಧಿ ಹೊಡೆಯುವವರ ಕೂಲಿಯೂ ಇತ್ತು. ಮಳೆಗಾಲದ ಮೊದಲ ಔಷಧಿ ಹೇಗೋ ಆಯಿತು. ಎರಡನೆಯದಕ್ಕೆ ಕೈಯಲ್ಲಿ ಕಾಸಿಲ್ಲ. ಆಷಾಢದ ಮಳೆ ಬಿಡದೆ ಹೊಡೆಯಿತು, ಕೊಳೆ ಬಂತು, ಕಾಯಿ ಮರದ ಬುಡದಲ್ಲಿ ಹಾಸಿ ಬಿತ್ತು. ಪರೀಕ್ಷೆಯಾದರೂ ಬರೆದೆನೇ? ಪರೀಕ್ಷೆ ಬಂದದ್ದು ಕೊನೆಕೊಯ್ಲಿನ ಹೊತ್ತಿಗೆ. ನಮ್ಮ ಕಡೆ ಕೊನೆಗೌಡ ಸಿಕ್ಕಿದ ದಿನವೇ ಕೊಯ್ಲು, ಅವನು ನಮ್ಮ ಪರೀಕ್ಷೆಯ ವೇಳಾಪಟ್ಟಿ ನೋಡಿ ಮರ ಹತ್ತುವುದಿಲ್ಲ. ಅಂಗಳದಲ್ಲಿ ಅಡಕೆ ರಾಶಿ, ಒಲೆಯ ಮೇಲೆ ಬೇಯುವ ಹಂಡೆ. ಎರಡು ಪೇಪರಿಗೆ ಹೋಗಲೇ ಇಲ್ಲ. ಸಾಲದ ಗಡುವು ದಾಟಿತು. ಗಡುವಿನೊಳಗೆ ಕಟ್ಟಿದ್ದರೆ ಬಡ್ಡಿಯೇ ಇರದ ಸಾಲ ಅದು. ದಾಟಿದ ಮೇಲೆ ಪೂರ್ತಿ ಬಡ್ಡಿ ಬಿತ್ತು, ಹೆಸರು ಸುಸ್ತಿಯ ಪಟ್ಟಿಗೆ ಹೋಯಿತು. ಡಿಗ್ರಿಯೂ ಇಲ್ಲ, ಫಸಲೂ ಇಲ್ಲ. ಯಾರನ್ನೂ ದೂರುವುದಿಲ್ಲ. ಲೆಕ್ಕ ತಪ್ಪಿದ್ದು ನನ್ನದೇ.

ಆದ್ದರಿಂದ ಇವತ್ತು ಲೆಕ್ಕದಿಂದಲೇ ಶುರು ಮಾಡೋಣ.

ಓದಿನ ಖರ್ಚು ಅಂದ ಕೂಡಲೇ ನಮ್ಮ ಕಣ್ಣಿಗೆ ಬೀಳುವುದು ಫೀಸು. ಮನೆ-ಮಕ್ಕಳಿರುವವರ ಓದಿನಲ್ಲಿ ಎಲ್ಲಕ್ಕಿಂತ ಸಣ್ಣದು ಫೀಸೇ ಇರುವುದುಂಟು. ಒಂದು ಉದಾಹರಣೆ ಹಿಡಿಯೋಣ. ಫೀಸು 20 ಸಾವಿರ. ವರ್ಷದಲ್ಲಿ 100 ದಿನ ನೀವು ಮನೆಯಲ್ಲಿಲ್ಲ. ನಿಮ್ಮ ಬದಲಿಗೆ ತೋಟಕ್ಕೆ, ಕೊಟ್ಟಿಗೆಗೆ ಒಂದು ಆಳು ಬೇಕು. ದಿನಕ್ಕೆ 500 ಅಂದರೆ 50 ಸಾವಿರ. ಬಸ್ಸು, ಚಾ, ಮಧ್ಯಾಹ್ನದ ಊಟ ದಿನಕ್ಕೆ 120 ಅಂದರೆ 12 ಸಾವಿರ. ಒಟ್ಟು 82 ಸಾವಿರವಾಯಿತು. ಅದರಲ್ಲಿ ಫೀಸು ಕಾಲು ಭಾಗವೂ ಇಲ್ಲ! ಇನ್ನು ಒಂದೂವರೆ ಎಕರೆಯಲ್ಲಿ 10 ಕ್ವಿಂಟಲ್ ಅಡಕೆ ಆಯಿತು, ಕ್ವಿಂಟಲಿಗೆ 40 ಸಾವಿರ ಸಿಕ್ಕಿತು ಅಂತ ಇಟ್ಟುಕೊಳ್ಳಿ. ನಾಲ್ಕು ಲಕ್ಷ. ಗೊಬ್ಬರ, ಔಷಧಿ, ಕೊಯ್ಲು, ಸುಲಿತದ ಕೂಲಿ ಅಂತ ಅರ್ಧ ಹೋದರೆ ಉಳಿಯುವುದು ಎರಡು ಲಕ್ಷ. ಆ ಎರಡು ಲಕ್ಷದಲ್ಲಿ ಐದು ಜನರ ಊಟ, ಬಟ್ಟೆ, ಆಸ್ಪತ್ರೆ, ಮಕ್ಕಳ ಶಾಲೆ. ಅದರಿಂದ 82 ಸಾವಿರ ಎತ್ತಿದರೆ ಮನೆ ನಿಲ್ಲುತ್ತದೆಯೇ? ಹೇಳಿ ನೋಡುವಾ.

ನಿಲ್ಲುವುದಿಲ್ಲ. ಹಾಗಂತ ಓದು ಬೇಡ ಅಂತ ನಾನು ಹೇಳುವುದಿಲ್ಲ. ಫೀಸು ಕಡಿಮೆ ಮಾಡಲಿಕ್ಕೆ ನಮ್ಮ ಕೈಲಾಗುವುದಿಲ್ಲ. ಕೂಲಿ ಲೆಕ್ಕದ 50 ಸಾವಿರ ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ. ಅದನ್ನು ನನಗೆ ಕಲಿಸಿದವಳು ನನ್ನ ಹೆಂಡತಿ.

ನಾನು ಎಡವಿ ಮೂರು ವರ್ಷವಾದ ಮೇಲೆ ಒಂದು ರಾತ್ರಿ ಅವಳೇ ಮಾತು ತೆಗೆದಳು. ಶಿರಸಿಯಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಬರೆಯುವುದನ್ನು ಆರು ತಿಂಗಳು ಕಲಿಸ್ತಾರೆ, ನಾನು ಹೋಗ್ತೇನೆ ಅಂದಳು. ನಾನು ದುಡ್ಡಿನ ಮಾತೆತ್ತಿದೆ. ಅವಳು ಹೇಳಿದ್ದು ಇಷ್ಟೇ: ‘ನಿಮ್ಮ ಓದಿಗೆ ತೋಟದ ದುಡ್ಡು ಹೋಯಿತು. ನನಗೆ ತೋಟದ ದುಡ್ಡು ಬೇಡ. ಬೆಳಿಗ್ಗೆ ಕೊಟ್ಟಿಗೆ ಕೆಲಸ ನೀವು ಮಾಡಿ, ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸಿ. ಸಾಕು.’

ಫೀಸಿಗೆ ಅವಳು ಡೇರಿಯ ಹಾಲಿನ ದುಡ್ಡು ಕೂಡಿಟ್ಟಿದ್ದಳು. ಬಸ್ಸಿಗೆ ಖರ್ಚಿಲ್ಲ, 2023ರ ಜೂನ್ 11ರಿಂದ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಲ್ಲ. ಕೂಲಿಯ ಆಳಿನ ಬದಲಿಗೆ ನಾನೇ ಆಳಾದೆ. ಹಾಲು ಕರೆಯಲಿಕ್ಕೆ ಕಲಿತೆ, ಮೊದಲ ವಾರ ದನ ಒದೆಯಿತು. ಅವಳು ಸೇರಿದ್ದು ಕೊಯ್ಲು, ಸುಲಿತ ಎಲ್ಲಾ ಮುಗಿದ ಮೇಲೆ. ಮುಗಿಸಿದ್ದು ಮುಂದಿನ ಕೊಯ್ಲಿಗೆ ಮೊದಲು. ಈಗ ಎರಡು ಅಂಗಡಿಯ ಲೆಕ್ಕ ಮನೆಯಲ್ಲಿ ಕೂತು ಬರೆದುಕೊಡ್ತಾಳೆ, ತಿಂಗಳಿಗೆ ಎಂಟು ಸಾವಿರ ಬರ್ತದೆ. ದೊಡ್ಡ ಮೊತ್ತವಲ್ಲ. ಆದರೆ ನನ್ನ ಸುಸ್ತಿ ತೀರಿದ್ದು ಆ ಎಂಟು ಸಾವಿರದಿಂದ. ಈ ಮಾತು ಹೇಳಲಿಕ್ಕೆ ನನಗೆ ನಾಚಿಕೆಯಿಲ್ಲ.

ಒಂದೇ ಮನೆ, ಅದೇ ತೋಟ. ಇಬ್ಬರೂ ಓದಲಿಕ್ಕೆ ಹೊರಟೆವು. ನಾನು ಬಿದ್ದೆ, ಅವಳು ದಾಟಿದಳು. ಅವಳು ನನಗಿಂತ ಬುದ್ಧಿವಂತೆ ಅನ್ನುವುದೊಂದೇ ಕಾರಣವಲ್ಲ, ಅದೂ ಹೌದು ಅನ್ನಿ. ಮುಖ್ಯ ಕಾರಣ ಮೂರು. ಅವಳು ಬೆಳೆಯ ದುಡ್ಡು ಮುಟ್ಟಲಿಲ್ಲ. ತೋಟದ ಹಂಗಾಮು ನೋಡಿ ಓದಿನ ತಿಂಗಳು ಆರಿಸಿದಳು. ಮನೆಯವರೆದುರು ಬಾಯಿ ಬಿಟ್ಟು ಕೇಳಿ ಕೆಲಸ ಹಂಚಿದಳು. ಈ ಮೂರು ಸೂತ್ರ ಬರೆದಿಟ್ಟುಕೊಳ್ಳಿ.

ಈಗ ಸಾಲದ ಮಾತು. ಎಲ್ಲರಿಗೂ ಹಾಲಿನ ದುಡ್ಡಿನಲ್ಲಿ ಮುಗಿಯುವುದಿಲ್ಲ. ಸಾಲ ಬೇಕಾದೀತು. ಬೇಕಾದರೆ ಯಾವ ಸಾಲ?

ಬೆಳೆ ಸಾಲ ಬೇಡ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಅದು ವರ್ಷದೊಳಗೆ ತಿರುಗಿ ಕಟ್ಟುವ ಸಾಲ. ಅಡಕೆ ವರ್ಷಕ್ಕೆ ಫಸಲು ಕೊಡ್ತದೆ, ಓದು ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಫಸಲು ಕೊಡ್ತದೆ. ಅಡಕೆ ಸಸಿ ನೆಟ್ಟು ಮುಂದಿನ ವರ್ಷವೇ ಕೊನೆ ಕೊಯ್ಯುತ್ತೇನೆ ಅಂದವನನ್ನು ನೀವು ಏನಂತೀರಿ? ಬೆಳೆ ಸಾಲದಲ್ಲಿ ಓದುವವನೂ ಅವನೇ.

ಇಲ್ಲಿ ಯಾರೋ ಮನಸ್ಸಿನಲ್ಲಿ ಅಂದುಕೊಳ್ತಿದ್ದೀರಿ, ಬೆಳೆ ಸಾಲವಾದರೆ ಒಂದು ದಿನ ಮನ್ನಾ ಆಗ್ತದಲ್ಲ ಅಂತ. 2008ರಲ್ಲಿ ಆಯಿತು, 2018ರಲ್ಲಿ ಆಯಿತು, ನಿಜ. ಆದರೆ ಮುಂದಿನದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ! ಅಲ್ಲಿಯವರೆಗೆ ಸುಸ್ತಿದಾರನಾಗಿ ಕೂತರೆ ಹೊಸ ಸಾಲವಿಲ್ಲ, ಗೊಬ್ಬರವಿಲ್ಲ. ಮನ್ನಾ ನಂಬಿ ಓದುವವನು ಮಳೆ ನಂಬಿ ಮನೆಗೆ ಹಂಚು ಹಾಕದೇ ಇದ್ದವನ ಹಾಗೆ.

ವಾರದ ಕಂತಿನ ಸಾಲವಂತೂ ಬೇಡವೇ ಬೇಡ. ಮನೆ ಬಾಗಿಲಿಗೆ ಬಂದು ಕೊಡ್ತಾರೆ, ಪಹಣಿ ಕೇಳುವುದಿಲ್ಲ, ಸುಲಭ ಅನಿಸ್ತದೆ. ಆದರೆ ಕೊಟ್ಟ ಮರುವಾರವೇ ಕಂತು ಶುರು. ಓದುವ ಹೆಣ್ಣುಮಗಳು ಓದುವ ತಿಂಗಳಲ್ಲೇ ಕಂತು ಎಲ್ಲಿಂದ ತಂದಾಳು? ಒಂದರ ಕಂತಿಗೆ ಇನ್ನೊಂದು ಸಾಲ. ವಸೂಲಿಯ ಕಾಟ ತಡೆಯಲಿಕ್ಕಾಗದೆ ಜನ ಊರು ಬಿಟ್ಟದ್ದು, ಜೀವ ಕಳೆದುಕೊಂಡದ್ದು ಪತ್ರಿಕೆಯಲ್ಲಿ ಓದಿದ್ದೀರಿ. 2025ರಲ್ಲಿ ಕಿರುಸಾಲದ ಬಲವಂತದ ವಸೂಲಿ ತಡೆಯಲಿಕ್ಕೆ ರಾಜ್ಯ ಸರ್ಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾನೂನು ತರಬೇಕಾಯಿತು. ಕಾನೂನು ಬಂತು ಅಂತ ಸಾಲ ಸಿಹಿಯಾಗುವುದಿಲ್ಲ.

ಹಾಗಾದರೆ ಬೇಕಾದದ್ದು ಓದಿ ಮುಗಿದ ಮೇಲೆ ಕಂತು ಶುರುವಾಗುವ ಸಾಲ. ಅಂಥದ್ದು ಇದೆ. ಬ್ಯಾಂಕುಗಳ ವಿದ್ಯಾಸಾಲ ಬರೀ ಹದಿನೆಂಟರ ಹುಡುಗರಿಗೆ ಅಂತ ನಾವು ತಿಳಿದಿದ್ದೇವೆ. ಬ್ಯಾಂಕುಗಳ ಸಂಘ ಮಾಡಿದ ಮಾದರಿ ಯೋಜನೆಯಲ್ಲಿ ವಯಸ್ಸಿನ ಕಟ್ಟಳೆ ಇಲ್ಲ. 4 ಲಕ್ಷದವರೆಗೆ ಆಸ್ತಿ ಅಡವು ಕೇಳುವಂತಿಲ್ಲ. ಓದು ಮುಗಿದು ಒಂದು ವರ್ಷ ಕಳೆದ ಮೇಲೆ ಕಂತು. ಬಡ್ಡಿ ಮಾತ್ರ ಮೊದಲ ದಿನದಿಂದ ಬೆಳೀತಾ ಹೋಗ್ತದೆ, ಅದನ್ನು ಮರೆಯಬೇಡಿ. ಸಣ್ಣ ಕಸುಬಿನ ತರಬೇತಿಗೆ 2015ರಲ್ಲಿ ಕೌಶಲ ಸಾಲ ಅಂತ ಬೇರೆಯೇ ಯೋಜನೆ ಮಾಡಿದರು, 5 ಸಾವಿರದಿಂದ ಒಂದೂವರೆ ಲಕ್ಷದವರೆಗೆ. 2024ರಲ್ಲಿ ಅದರ ಮಿತಿಯನ್ನು ಏಳೂವರೆ ಲಕ್ಷಕ್ಕೆ ಏರಿಸಿದರು. ಮ್ಯಾನೇಜರು ‘ನಿಮ್ಮ ವಯಸ್ಸಿನವರಿಗೆ ಇಲ್ಲ’ ಅಂದರೆ, ಯಾವ ನಿಯಮದಲ್ಲಿ ಹಾಗಿದೆ ತೋರಿಸಿ ಅಂತ ಕೇಳಿ. ಬರೆದು ಕೊಡಿ ಅನ್ನಿ. ಕೇಳುವ ಹಕ್ಕು ನಮಗಿದೆ.

ಸಾಲವೇ ಬೇಡದ ದಾರಿ ಇದ್ದರೆ ಅದನ್ನು ಮೊದಲು ನೋಡಿ. ನಮ್ಮ ಜಿಲ್ಲೆಯ ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಸಂಸ್ಥೆಯ ತರಬೇತಿ ಕೇಂದ್ರವಿದೆ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಇಂಥವನ್ನೆಲ್ಲ ಹಳ್ಳಿಯವರಿಗೆ ಉಚಿತವಾಗಿ ಕಲಿಸ್ತಾರೆ. ಊಟ, ವಸತಿಯೂ ಉಚಿತ. ಇದರ ಮೂಲ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ. ನಲವತ್ತರ ಆಸುಪಾಸಿನವರೂ ಸೇರಬಹುದು. ಕೆಲವು ತರಬೇತಿ ವಾರದ್ದು, ಕೆಲವು ತಿಂಗಳಿಗೂ ಹೆಚ್ಚು. ತಾಯಿಗೆ ಮನೆ ಬಿಟ್ಟು ತಿಂಗಳು ಉಳಿಯುವುದೇ ಕಷ್ಟ ಅಂತೀರಿ. ಅತ್ತೆ, ಗಂಡ, ನೆರೆಮನೆಯವರು ಕೂತು ಮಾತಾಡಿದರೆ ಒಂದು ತಿಂಗಳು ಕಳೆಯುವುದಿಲ್ಲವೇ? ಬಾಣಂತನಕ್ಕೆ ಹೋದಾಗ ಮನೆ ನಡೆಯಲಿಲ್ಲವೇ? ಇನ್ನು ಬಡಗಿ, ದರ್ಜಿ, ಬುಟ್ಟಿ ಹೆಣೆಯುವವರು ಮುಂತಾದ ಕಸುಬಿನವರಿಗೆ 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿಶ್ವಕರ್ಮ ಯೋಜನೆ ತಂದಿತು. ಅದರಲ್ಲಿ ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ ಇಟ್ಟರು. ಕಲಿಯುವವನ ಕೂಲಿ ತಪ್ಪುತ್ತದೆ ಅನ್ನುವುದನ್ನು ಸರ್ಕಾರ ಒಪ್ಪಿಕೊಂಡ ಹಾಗಾಯಿತು ಅಲ್ಲವೇ? ಆ ತತ್ವ ರೈತನಿಗೂ ಸಲ್ಲಬೇಕು.

ಎಸ್ಸೆಸ್ಸೆಲ್ಸಿಗೇ ನಿಂತವರು, ಅದೂ ಮುಗಿಸದವರು ಇಲ್ಲಿದ್ದಾರೆ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಾದರೆ ಒಮ್ಮೆ ಹೆಸರು ಹಚ್ಚಿದರೆ ಐದು ವರ್ಷ ಸಮಯ, ಪರೀಕ್ಷೆಗೆ ಒಂಬತ್ತು ಅವಕಾಶ. ಒಂದು ಕೊಯ್ಲಿಗೆ ಪರೀಕ್ಷೆ ತಪ್ಪಿದರೂ ದುಡ್ಡು ಮುಳುಗುವುದಿಲ್ಲ. ಡಿಗ್ರಿಗೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ, ಕನ್ನಡದಲ್ಲೇ ಓದಬಹುದು. ದಿಲ್ಲಿಯ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದೊಳಗೆ ಮುಗಿಸಬಹುದು.

ಆದರೆ ಹೆಸರು ಹಚ್ಚುವ ಮೊದಲು ಮಾನ್ಯತೆ ನೋಡಿ. ಸರ್ಕಾರದ್ದೇ ಆದರೂ ನೋಡಿ. 2015ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನೇ ಯುಜಿಸಿ ಹಿಂತೆಗೆದುಕೊಂಡಿತ್ತು, ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳ ಪಾಡು ಯೋಚಿಸಿ. ನಾವು ಸೇರುವ ವರ್ಷ, ನಾವು ಸೇರುವ ಕೋರ್ಸು ಯುಜಿಸಿಯ ಪಟ್ಟಿಯಲ್ಲಿ ಇದೆಯೇ ಅಂತ ನೋಡಿಯೇ ದುಡ್ಡು ಕಟ್ಟಬೇಕು. ಮೂರೂ ವರ್ಷದ ಫೀಸು ಒಟ್ಟಿಗೆ ಕೊಟ್ಟರೆ ರಿಯಾಯಿತಿ ಅಂದರೆ ಕೊಡಬೇಡಿ. ಸಸಿ ಹಿಡಿದ ಮೇಲೆ ಗೊಬ್ಬರ.

ಹಾಗೆಯೇ ಓದಿದ ಮೇಲೆ ಏನು ಅಂತಲೂ ಮೊದಲೇ ಕೇಳಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಕೂಡಲೇ ನೆನಪಾಗುವುದು ಬಿ.ಎಡ್. ಅದು 2015ರಿಂದ ಎರಡು ವರ್ಷದ ಓದಾಗಿದೆ. ಮುಗಿಸಿದ ಮೇಲೆ ಸರ್ಕಾರಿ ಪ್ರಾಥಮಿಕ ಶಾಲೆಗೆ ಟಿಇಟಿ ಪಾಸಾಗಬೇಕು, ಆಮೇಲೆ ನೇಮಕಾತಿ ಕರೆಯಬೇಕು, ಕರೆದಾಗ ವಯೋಮಿತಿ ದಾಟಿರಬಾರದು. ನಲವತ್ತರ ತಾಯಿ ಲಕ್ಷ ಸುರಿದು ಬಿ.ಎಡ್. ಮಾಡುವ ಮೊದಲು ಈ ಬಾಗಿಲುಗಳಲ್ಲಿ ಯಾವುದು ತನಗೆ ತೆರೆದಿದೆ ಅಂತ ನೋಡಿಕೊಳ್ಳಬೇಕು. ಓದಬೇಡಿ ಅಂತಲ್ಲ. ಕುರುಡಾಗಿ ಓದಬೇಡಿ.

ಇನ್ನೊಂದು ಕಹಿ ಮಾತು ಹೇಳ್ತೇನೆ, ಗಂಡಸರು ಬೇಸರಿಸಬಾರದು. ಬೆಳೆ ಸಾಲ ಪಹಣಿಯ ಮೇಲೆ. ಪಹಣಿಯಲ್ಲಿ ಹೆಸರು ಯಾರದ್ದು? ನಮ್ಮದು, ಇಲ್ಲವೇ ತೀರಿಹೋದ ಅಪ್ಪನದ್ದು. ಸುಲಿಯಲಿಕ್ಕೆ ರಾತ್ರಿಯಿಡೀ ಕೂರುವವಳ ಹೆಸರು ಎಲ್ಲೂ ಇಲ್ಲ. ಹಾಗಾಗಿ ನಾನು ತಪ್ಪು ಓದಿಗೆ 40 ಸಾವಿರ ಎತ್ತಬಹುದಾಗಿತ್ತು, ಅವಳು ಸರಿಯಾದ ಓದಿಗೆ ನಾಲ್ಕು ಸಾವಿರವನ್ನೂ ಎತ್ತುವಂತಿರಲಿಲ್ಲ. ಇದು ನ್ಯಾಯವೇ? 2023ರಿಂದ ಗೃಹಲಕ್ಷ್ಮಿಯ ತಿಂಗಳ 2 ಸಾವಿರ ಅವಳ ಹೆಸರಿಗೆ ಬರಲಿಕ್ಕೆ ಶುರುವಾಯಿತು. ವರ್ಷಕ್ಕೆ 24 ಸಾವಿರ, ನಾನು ಆಗ ಹೇಳಿದ ಫೀಸಿಗಿಂತ ಹೆಚ್ಚು. ಅದನ್ನು ಕಿರಾಣಿ ಅಂಗಡಿಯ ಬಾಕಿಗೆ ಹಾಕುವ ಮೊದಲು ‘ನಿನಗೇನಾದರೂ ಕಲಿಯಬೇಕು ಅಂತ ಇದೆಯಾ’ ಅಂತ ಒಮ್ಮೆಯಾದರೂ ಕೇಳಿದ್ದೇವಾ?

ರೈತ ಚಳವಳಿಗೂ ಓದಿಗೂ ಏನು ಸಂಬಂಧ ಅನ್ನುವವರಿಗೆ ಈ ಜಿಲ್ಲೆಯ ಇತಿಹಾಸವೇ ಉತ್ತರ. ಉತ್ತರ ಕನ್ನಡದ ಗೇಣಿ ರೈತರನ್ನು ಕಟ್ಟಿ ಹೋರಾಡಿದ ದಿನಕರ ದೇಸಾಯಿಯವರೇ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದರು. ಗೇಣಿದಾರ ಕಾಗದ ಓದಲಾರದೇ ಹೋದರೆ ಗೆದ್ದ ಹೋರಾಟವೂ ಸೋತ ಹಾಗೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕೂ ಮೂವತ್ತು ವರ್ಷ ಮೊದಲು, 1923ರಲ್ಲಿ, ಶಿರಸಿಯಲ್ಲಿ ತೋಟಗಾರರು ತಮ್ಮದೇ ಸೇಲ್ ಸೊಸೈಟಿ ಕಟ್ಟಿಕೊಂಡರು. ಬೆಳೆದವನೇ ಒಟ್ಟಾಗಿ ಮಾರಬೇಕು ಅನ್ನುವ ವಿಚಾರ ನೂರು ವರ್ಷದ ಹಿಂದೆ ನಮ್ಮ ಅಜ್ಜಂದಿರಿಗೆ ಹೊಳೆದಿತ್ತು. ಒಟ್ಟಾಗಿ ಮಾರಲಿಕ್ಕೆ ಬರುವ ನಮಗೆ ಒಟ್ಟಾಗಿ ಓದಲಿಕ್ಕೆ ಯಾಕೆ ಬರಬಾರದು?

ಅದಕ್ಕೇ ಮೂರು ಬೇಡಿಕೆ ಈ ಸಭೆಯ ಮುಂದೆ ಇಡ್ತೇನೆ.

ಒಂದು. ನಮ್ಮ ಊರಿನ ಸಹಕಾರ ಸಂಘಗಳು ಸದಸ್ಯರ ಸ್ವಂತ ಓದಿಗೆ ಬೇರೆಯೇ ಸಾಲ ತೆರೆಯಲಿ. ಮೊತ್ತ ಸಣ್ಣದಿರಲಿ. ಕಂತು ತಿಂಗಳಿಗೆ ಬೇಡ, ಓದು ಮುಗಿದ ಮೇಲೆ ವರ್ಷಕ್ಕೊಮ್ಮೆ ಅಡಕೆ ವ್ಯಾಪಾರದ ಹೊತ್ತಿಗೆ ಹಿಡಿದುಕೊಳ್ಳಲಿ. ಆಗ ಯಾರೂ ಬೆಳೆ ಸಾಲಕ್ಕೆ ಕೈ ಹಾಕುವುದಿಲ್ಲ, ಸಂಘದ ಸುಸ್ತಿಯೂ ಕಡಿಮೆಯಾದೀತು.

ಎರಡು. ಆ ಸಾಲಕ್ಕೆ ಪಹಣಿ ಕೇಳಬಾರದು. ಹೆಂಡತಿ ಓದುವುದಾದರೆ ಹೆಂಡತಿಯ ಹೆಸರಿಗೇ ಸಾಲ, ಗಂಡನ ಜಾಮೀನು. ಇಷ್ಟು ವರ್ಷ ನಮ್ಮ ಸಾಲಕ್ಕೆ ಅವರ ಕೊರಳಿನ ಬಂಗಾರ ಜಾಮೀನಾಗಿತ್ತು, ಒಂದು ಸಲ ನಾವು ಆಗೋಣ.

ಮೂರು. ಪಾಠ ನಮ್ಮ ಹತ್ತಿರ ಬರಲಿ. ಮಂಚಿಕೇರಿಯಲ್ಲಿ ಶಾಲೆಯ ಕಟ್ಟಡ ಇದೆ, ಭಾನುವಾರ ಖಾಲಿ ಇರ್ತದೆ. ಏಪ್ರಿಲ್‌ನಿಂದ ಅಕ್ಟೋಬರಿನೊಳಗೆ, ಕೊಯ್ಲು ಶುರುವಾಗುವ ಮೊದಲು, ಇಪ್ಪತ್ತು ಜನ ಸೇರಿದರೆ ಶಿರಸಿಯಿಂದಲೋ ಯಲ್ಲಾಪುರದಿಂದಲೋ ಒಬ್ಬ ಮಾಸ್ತರರನ್ನು ಇಲ್ಲಿಗೇ ಕರೆಸಬಹುದು. ಇಪ್ಪತ್ತು ಜನ ಬಸ್ಸು ಹತ್ತುವ ಬದಲು ಒಬ್ಬ ಹತ್ತಲಿ.

ಕೊನೆಗೆ ಒಂದು ಮಾತು. ಅಡಕೆಗೆ ಸರಿಯಾದ ದರ ನಿಂತರೆ, ಕೊಳೆರೋಗಕ್ಕೆ ಸರಿಯಾದ ಪರಿಹಾರ ಬಂದರೆ, ನಮ್ಮಲ್ಲಿ ಅರ್ಧ ಜನಕ್ಕೆ ಹೊಟ್ಟೆಪಾಡಿಗಾಗಿ ಈ ವಯಸ್ಸಿನಲ್ಲಿ ಓದುವ ಪ್ರಮೇಯ ಬರುತ್ತಿರಲಿಲ್ಲ. ಆ ಹೋರಾಟ ಬಿಡಬೇಡಿ. ದರದ ಹೋರಾಟ ಮಾಡುತ್ತಲೇ ಓದೋಣ. ಆದರೆ ಓದುವವನು ತೋಟ ಕಳೆದುಕೊಂಡು ಓದಬಾರದು, ತೋಟದವನು ಓದು ಕಳೆದುಕೊಂಡು ತೋಟ ಉಳಿಸಬಾರದು.

ಈ ರಾತ್ರಿ ಮನೆಗೆ ಹೋಗಿ ಮಕ್ಕಳ ಪಟ್ಟಿಯ ಹಿಂದಿನ ಖಾಲಿ ಹಾಳೆಯಲ್ಲಿ ನಾನು ಹೇಳಿದ ಲೆಕ್ಕ ಬರೆಯಿರಿ. ಫೀಸೆಷ್ಟು, ಆಳಿನ ಕೂಲಿ ಎಷ್ಟು, ಬಸ್ಸೆಷ್ಟು, ಎಷ್ಟು ದಿನ, ಯಾವ ತಿಂಗಳು, ಮನೆಯ ಕೆಲಸ ಯಾರಿಗೆ. ಗಂಡ ಹೆಂಡತಿ ಇಬ್ಬರೂ ಕೂತು ಬರೆಯಿರಿ. ನಾನು ಒಬ್ಬನೇ ಕೂತು ಬರೆದಿದ್ದಕ್ಕೇ ಕೆಟ್ಟೆ. ಆ ಹಾಳೆ ಹಿಡಿದುಕೊಂಡು ಮುಂದಿನ ತಿಂಗಳ ಸಭೆಗೆ ಬನ್ನಿ. ಎಲ್ಲಾ ಹಾಳೆ ಸೇರಿಸಿ ಸಂಘದ ಆಡಳಿತ ಮಂಡಳಿಯ ಮೇಜಿನ ಮೇಲೆ ಇಡೋಣ.